ಹಸ್ತ ಮಳೆಯ ದಿನಗಳಲ್ಲಿ ಹೆಸರಘಟ್ಟ ಜಲಾಶಯದ ಸುತ್ತ ಹಕ್ಕಿ ನೋಡುವ ಬಗೆ

ಉತ್ತರೆ ಮಳೆ ಮುಗಿದು ಹಸ್ತ ಹಿಡಿಯುವ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ಕೊನೆಯ ವಾರದಿಂದ ಅಕ್ಟೋಬರ್ ನಡುಭಾಗದವರೆಗೆ, ಬೆಂಗಳೂರು ಸುತ್ತಮುತ್ತಲಿನ ಕೆರೆ ಮತ್ತು ಜಲಾಶಯಗಳಲ್ಲಿ ಎರಡು ಕಾಲದ ಹಕ್ಕಿಗಳು ಒಟ್ಟಿಗೆ ಸಿಗುತ್ತವೆ. ಮಳೆಗಾಲದಲ್ಲಿ ಗೂಡು ಕಟ್ಟಿದ ಇಲ್ಲಿನ ಹಕ್ಕಿಗಳು ಇನ್ನೂ ಮರಿಗಳೊಂದಿಗೆ ಓಡಾಡುತ್ತಿರುತ್ತವೆ. ಹಿಮಾಲಯದಿಂದಲೂ ಮಧ್ಯ ಏಷ್ಯಾದಿಂದಲೂ ಚಳಿಗಾಲ ಕಳೆಯಲು ಬರುವ ವಲಸೆ ಹಕ್ಕಿಗಳ ಪೈಕಿ ಮೊದಲಿನವು ಆಗಲೇ ಇಳಿದಿರುತ್ತವೆ. ಹೆಚ್ಚಿನ ಪಕ್ಷಿವೀಕ್ಷಕರು ಡಿಸೆಂಬರ್, ಜನವರಿಗಾಗಿ ಕಾಯುತ್ತಾರೆ. ಆಗ ಹಕ್ಕಿಗಳ ಸಂಖ್ಯೆ ಹೆಚ್ಚಿರುತ್ತದೆ ಎಂಬುದು ನಿಜ. ಆದರೆ ಯಾವ ಹಕ್ಕಿ ಯಾವಾಗ ಬಂತು, ಯಾವುದರ ಗರಿ ಹೇಗೆ ಬದಲಾಯಿತು, ಯಾವ ಮರಿ ಬದುಕಿ ಬೆಳೆಯಿತು ಎಂಬುದನ್ನು ತಿಳಿಯಬೇಕಾದರೆ ಶರದೃತುವಿನ ಆರಂಭದ ಈ ಮೂರು ನಾಲ್ಕು ವಾರಗಳಲ್ಲೇ ನೀರಿನ ಬಳಿ ಇರಬೇಕು. ಹಾಗೆ ಇರುವುದು ಹೇಗೆ ಎಂಬುದನ್ನು ಹೆಸರಘಟ್ಟ ಜಲಾಶಯವನ್ನು ಮುಂದಿಟ್ಟುಕೊಂಡು ಇಲ್ಲಿ ವಿವರಿಸುತ್ತೇನೆ. ಮೈದಾನ ಸೀಮೆಯ ಬೇರೆ ಜಲಾಶಯಗಳಿಗೂ ಇದರ ಬಹುಪಾಲು ಅನ್ವಯಿಸುತ್ತದೆ.

ಹೆಸರಘಟ್ಟವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ನಂದಿಬೆಟ್ಟದ ಕಡೆಯಿಂದ ಇಳಿದು ಬರುವ ಅರ್ಕಾವತಿಗೆ ಅಡ್ಡಲಾಗಿರುವ ಈ ಜಲಾಶಯ, 1890ರ ದಶಕದಲ್ಲಿ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಬೆಂಗಳೂರಿಗೆ ಕೊಳವೆಯ ಮೂಲಕ ಕುಡಿಯುವ ನೀರು ಕೊಡಲು ರೂಪುಗೊಂಡಿತು. ಮುಂದೆ ನಗರ ಬೆಳೆದು, 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯವೂ ಆ ನಂತರ ಕಾವೇರಿ ನೀರೂ ಬಂದ ಮೇಲೆ ಹೆಸರಘಟ್ಟದ ಮಹತ್ವ ಕುಗ್ಗಿತು. ಜಲಾನಯನ ಪ್ರದೇಶದಲ್ಲಿ ಹರಿವು ಕಡಿಮೆಯಾಗಿ ಎಷ್ಟೋ ವರ್ಷ ಅದು ಬಹುಮಟ್ಟಿಗೆ ಒಣಗಿಯೇ ಇತ್ತು. 2022ರ ಭಾರಿ ಮಳೆಗೆ ಬಹಳ ಕಾಲದ ನಂತರ ತುಂಬಿತು. ಜಲಾಶಯದ ಪಕ್ಕದಲ್ಲೇ ವಿಶಾಲವಾದ ಹುಲ್ಲುಗಾವಲು ಉಳಿದುಕೊಂಡಿದೆ. ಆ ಪ್ರದೇಶದ ಐದೂವರೆ ಸಾವಿರ ಎಕರೆಗೂ ಹೆಚ್ಚಿನ ಭೂಮಿಯನ್ನು ಸಂರಕ್ಷಣಾ ಮೀಸಲು ಪ್ರದೇಶವನ್ನಾಗಿ ಮಾಡುವ ಪ್ರಸ್ತಾವಕ್ಕೆ ರಾಜ್ಯ ವನ್ಯಜೀವಿ ಮಂಡಳಿ 2024ರಲ್ಲಿ ಒಪ್ಪಿಗೆ ನೀಡಿತು. ನೀರು, ಜೌಗು, ಹೊಲ, ಹುಲ್ಲುಗಾವಲು ಈ ನಾಲ್ಕೂ ಒಂದೇ ಬೆಳಗಿನ ನಡಿಗೆಯಲ್ಲಿ ಸಿಗುವ ಜಾಗ ರಾಜಧಾನಿಯ ಇಷ್ಟು ಸಮೀಪದಲ್ಲಿ ಬೇರೊಂದು ಇಲ್ಲವೆಂದೇ ನನ್ನ ಅಭಿಪ್ರಾಯ.

ಮೊದಲು ನೀರನ್ನು ನೋಡಿ

ಹಕ್ಕಿ ನೋಡಲು ಹೊರಟವರು ದಡಕ್ಕೆ ಬಂದೊಡನೆ ದುರ್ಬೀನನ್ನು ಕಣ್ಣಿಗೇರಿಸುತ್ತಾರೆ. ಅದಕ್ಕೆ ಮೊದಲು ಐದು ನಿಮಿಷ ಬರಿಗಣ್ಣಿನಿಂದ ನೀರಿನ ಮಟ್ಟವನ್ನು ಗಮನಿಸಬೇಕು. ಆ ದಿನ ಯಾವ ಹಕ್ಕಿ ಎಲ್ಲಿ ಸಿಗುತ್ತದೆ ಎಂಬುದನ್ನು ಬಹುಪಾಲು ಅದೇ ನಿರ್ಧರಿಸುತ್ತದೆ. ಉತ್ತರ ಭಾರತದ ಜಲಾಶಯಗಳಲ್ಲಿ ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಮಳೆ ನಿಂತು, ನೀರು ಇಳಿಯತೊಡಗಿ, ದಡದ ಕೆಸರು ಬಯಲಾಗುತ್ತದೆ. ನಮ್ಮಲ್ಲಿ ಹಾಗಲ್ಲ. ಬೆಂಗಳೂರಿಗೆ ವರ್ಷದಲ್ಲಿ ಅತಿ ಹೆಚ್ಚು ಮಳೆ ಬೀಳುವುದೇ ಸೆಪ್ಟೆಂಬರ್ ಮತ್ತು ಅಕ್ಟೋಬರಿನಲ್ಲಿ. ಆದ್ದರಿಂದ ಕೆಸರಿನ ದಡವನ್ನು ಅರಸಿಕೊಂಡು ಗದ್ದೆಗೊರವಗಳು (ಸ್ಯಾಂಡ್‌ಪೈಪರ್ ಎಂಬ ನೀರಂಚಿನ ಹಕ್ಕಿಗಳು) ಬರುವ ಹೊತ್ತಿಗೇ ಇಲ್ಲಿ ನೀರು ಏರುತ್ತಿರುತ್ತದೆ, ಕೆಸರು ಮುಳುಗುತ್ತಿರುತ್ತದೆ. ಚಳಿಗಾಲದ ಚಿತ್ರಗಳನ್ನು ನೋಡಿ ನೂರಾರು ಹಕ್ಕಿಗಳ ಸಾಲನ್ನು ನಿರೀಕ್ಷಿಸಿ ಬಂದವರು ನಿರಾಶೆಯಿಂದ ಹಿಂದಿರುಗುವುದು ಈ ಕಾರಣದಿಂದಲೇ.

ನೀರಿನ ಅಂಚಿನಲ್ಲಿ ಹುಲ್ಲು ಮುಳುಗಿ ತುದಿ ಮಾತ್ರ ಕಾಣುತ್ತಿದ್ದರೆ ನೀರು ಇತ್ತೀಚೆಗೆ ಏರಿದೆ ಎಂದು ತಿಳಿಯಬಹುದು. ಮುಳುಗಿದ ನೆಲದಿಂದ ಎರೆಹುಳು, ಮಿಡತೆ, ಜೇಡಗಳು ಮೇಲೆ ಬರುವುದರಿಂದ ಬೆಳ್ಳಕ್ಕಿ, ಕೊಳದ ಬಕ, ಸಿಪಿಲೆಗಳು ಅಲ್ಲಿ ಕಿಕ್ಕಿರಿದಿರುತ್ತವೆ. ಹುಲ್ಲಿನ ಬುಡದಲ್ಲಿ ಉಲ್ಲಂಕಿ ಅಡಗಿರುವ ಸಾಧ್ಯತೆಯೂ ಉಂಟು. ಅಂಚಿನಿಂದ ಎರಡು ಮಾರು ಆಚೆಗೆ ಒದ್ದೆ ಮಣ್ಣಿನ ಪಟ್ಟಿ ಕಂಡರೆ ನೀರು ಇಳಿಯತೊಡಗಿದೆ ಎಂದರ್ಥ, ಗದ್ದೆಗೊರವಗಳನ್ನು ಅಲ್ಲೇ ಹುಡುಕಬೇಕು. ಎರಡೂ ಇಲ್ಲದೆ ನೀರು ಏರಿಯ ಕಲ್ಲಿಗೆ ತಾಗಿ ನಿಂತಿದ್ದರೆ, ಹಿನ್ನೀರಿನ ತುದಿಗೆ ಹೋಗುವುದೇ ಒಳ್ಳೆಯದು. ಅಲ್ಲಿ ನೆಲದ ಇಳಿಜಾರು ಕಡಿಮೆ ಇರುವುದರಿಂದ ಆಳವಿಲ್ಲದ ನೀರು ಎಷ್ಟೋ ದೂರ ಹರಡಿಕೊಂಡಿರುತ್ತದೆ. ಹೊಲದ ಬದುಗಳ ನಡುವೆ ನಿಂತ ಮಳೆನೀರಿನ ಹೊಂಡಗಳನ್ನೂ ಮರೆಯಬಾರದು. ಜಲಾಶಯ ತುಂಬಿದ ವರ್ಷಗಳಲ್ಲಿ ಅಡವಿ ಗದ್ದೆಗೊರವ ಮತ್ತು ಹಸಿರು ಗದ್ದೆಗೊರವಗಳು ದೊಡ್ಡ ನೀರಿಗಿಂತ ಇಂಥ ಹೊಂಡಗಳಲ್ಲೇ ಹೆಚ್ಚಾಗಿ ಕಾಣುತ್ತವೆ.

ಸಿದ್ಧತೆ

ಈ ದಿನಗಳಲ್ಲಿ ಬೆಂಗಳೂರಿನ ಸೂರ್ಯೋದಯ ಬೆಳಿಗ್ಗೆ 6.10ರ ಆಸುಪಾಸಿನಲ್ಲೇ ಇರುತ್ತದೆ. ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ಅದು ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ. ಆರು ಗಂಟೆಗೆ ಏರಿಯ ಮೇಲಿರುವಂತೆ ಹೊರಡಬೇಕು. ಜಾಲಹಳ್ಳಿ ಕ್ರಾಸ್ ಕಡೆಯಿಂದ ಚಿಕ್ಕಬಾಣಾವರದ ಮೂಲಕ ಹೆಸರಘಟ್ಟದ ರಸ್ತೆ ಹೋಗುತ್ತದೆ. ಬಸ್ಸಿನ ಸೌಕರ್ಯವೂ ಇದೆ, ಆದರೆ ಅಷ್ಟು ಬೇಗ ತಲುಪಬೇಕಾದರೆ ನಾಲ್ವರು ಸೇರಿ ಒಂದೇ ವಾಹನದಲ್ಲಿ ಹೋಗುವುದು ಉತ್ತಮ. ನಾಲ್ವರಿಗಿಂತ ಹೆಚ್ಚು ಮಂದಿ ಬೇಡ. ಗುಂಪು ದೊಡ್ಡದಾದಷ್ಟೂ ಮಾತು ಹೆಚ್ಚುತ್ತದೆ, ಹಕ್ಕಿ ದೂರ ಸರಿಯುತ್ತದೆ. ಹುಲ್ಲುಗಾವಲಿನ ಬಹುಭಾಗ ಸರ್ಕಾರಿ ಇಲಾಖೆಗಳ ಸುಪರ್ದಿಯಲ್ಲಿದ್ದು ಪ್ರವೇಶದ ನಿಯಮಗಳು ಕಾಲಕಾಲಕ್ಕೆ ಬದಲಾಗುವುದರಿಂದ, ಹೊರಡುವ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಳ್ಳಬೇಕು. ಬೇಲಿ ಹಾಕಿದ ಕಡೆ ನುಗ್ಗಬಾರದು.

ದುರ್ಬೀನು 8×42 ಅಳತೆಯದ್ದಾದರೆ ಸಾಕು. ಮೊದಲ ಅಂಕಿ ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಎಂಬುದನ್ನೂ ಎರಡನೆಯದು ಮುಂದಿನ ಗಾಜಿನ ವ್ಯಾಸವನ್ನು ಮಿಲಿಮೀಟರಿನಲ್ಲೂ ಹೇಳುತ್ತದೆ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ತಲುಪುವ ಬೆಳಕಿನ ಕಿರಣಪುಂಜದ ಅಗಲ ಸಿಗುತ್ತದೆ. 8×42ರಲ್ಲಿ ಅದು ಸುಮಾರು 5 ಮಿಲಿಮೀಟರ್ ಇರುವುದರಿಂದ ಮೋಡ ಕವಿದ ಮುಂಜಾವಿನಲ್ಲೂ ಚಿತ್ರ ಮಸುಕಾಗುವುದಿಲ್ಲ. ಹೆಚ್ಚು ಹತ್ತಿರ ಕಾಣಲೆಂದು 12 ಅಥವಾ 16 ಪಟ್ಟಿನದನ್ನು ಕೊಂಡವರಿಗೆ ಕೈನಡುಕವೂ ಅಷ್ಟೇ ಪಟ್ಟು ದೊಡ್ಡದಾಗಿ ಕಾಣುತ್ತದೆ.

ದುರ್ಬೀನು ಹೊಸದಾದರೆ ಅದನ್ನು ನಿಮ್ಮ ಕಣ್ಣಿಗೆ ಹೊಂದಿಸಿಕೊಳ್ಳುವುದನ್ನು ಮನೆಯಲ್ಲೇ ಮುಗಿಸಿ. ಬಲಗಣ್ಣನ್ನು ಮುಚ್ಚಿ, ಎಡಗಣ್ಣಿನಿಂದ ದೂರದ ಫಲಕವೊಂದನ್ನು ನೋಡುತ್ತಾ ನಡುವಿನ ಚಕ್ರವನ್ನು ತಿರುಗಿಸಿ ಅಕ್ಷರಗಳನ್ನು ಸ್ಪಷ್ಟಗೊಳಿಸಿಕೊಳ್ಳಬೇಕು. ಬಳಿಕ ಎಡಗಣ್ಣನ್ನು ಮುಚ್ಚಿ, ನಡುವಿನ ಚಕ್ರವನ್ನು ಮುಟ್ಟದೆ, ಬಲಗಣ್ಣಿನ ಕೊಳವೆಯ ಮೇಲಿರುವ ಬಳೆಯನ್ನು ಮಾತ್ರ ತಿರುಗಿಸಿ ಅದೇ ಅಕ್ಷರಗಳು ಅಷ್ಟೇ ಸ್ಪಷ್ಟವಾಗುವಂತೆ ಮಾಡಬೇಕು. ಬಳೆ ನಿಂತ ಜಾಗವನ್ನು ಗುರುತಿಟ್ಟುಕೊಂಡರೆ ಮುಂದೆ ನಡುವಿನ ಚಕ್ರವೊಂದನ್ನೇ ಬಳಸಿದರೆ ಸಾಕಾಗುತ್ತದೆ. ಕನ್ನಡಕ ಹಾಕುವವರು ಕಣ್ಣಿನ ಬಳಿಯ ರಬ್ಬರ್ ಬಟ್ಟಲನ್ನು ಒಳಗೆ ತಿರುಗಿಸಿಟ್ಟು ಕನ್ನಡಕದ ಮೇಲೆಯೇ ನೋಡಬೇಕು. ಹಕ್ಕಿ ಕಂಡಾಗ ಅದರಿಂದ ದೃಷ್ಟಿ ಕದಲಿಸದೆ ದುರ್ಬೀನನ್ನೇ ಕಣ್ಣಿಗೆ ತರುವುದನ್ನು ಮನೆಯ ಮಹಡಿಯ ಮೇಲೆ ಕಾಗೆಗಳನ್ನು ನೋಡುತ್ತಾ ಅಭ್ಯಾಸ ಮಾಡಿಕೊಂಡರೆ ಕ್ಷಣಾರ್ಧದಲ್ಲಿ ಹಾರಿಹೋಗುವ ಹಕ್ಕಿಗಳು ಕೈತಪ್ಪುವುದಿಲ್ಲ.

ಉಳಿದಂತೆ ಮಣ್ಣಿನ ಅಥವಾ ಒಣಹುಲ್ಲಿನ ಬಣ್ಣದ ಪೂರ್ಣ ತೋಳಿನ ಅಂಗಿ, ದಪ್ಪ ಬಟ್ಟೆಯ ಪ್ಯಾಂಟು, ಕಣಕಾಲು ಮುಚ್ಚುವ ಬೂಟು, ಟೋಪಿ, ಕುಡಿಯುವ ನೀರು, ಮಳೆ ಬಂದರೆ ದುರ್ಬೀನನ್ನು ಸುತ್ತಿಡಲು ಪ್ಲಾಸ್ಟಿಕ್ ಚೀಲ, ಟಿಪ್ಪಣಿ ಪುಸ್ತಕ ಮತ್ತು ಪೆನ್ಸಿಲ್ ಇರಲಿ. ಒದ್ದೆಯಾದ ಕಾಗದದ ಮೇಲೆ ಪೆನ್ನು ಬರೆಯುವುದಿಲ್ಲ, ಪೆನ್ಸಿಲ್ ಬರೆಯುತ್ತದೆ. ಎತ್ತರದ ಹುಲ್ಲಿನಲ್ಲಿ ಕೊಳಕುಮಂಡಲ ಹಾವು ಇರುವುದರಿಂದ ಕಾಲುದಾರಿ ಬಿಟ್ಟು ಹೋಗಬಾರದು. ಮನೆಗೆ ಬಂದ ಮೇಲೆ ದನ ಮೇಯುವ ಹುಲ್ಲಿನಿಂದ ಹತ್ತಿಕೊಳ್ಳುವ ಉಣ್ಣೆಗಳಿಗಾಗಿ ಮೈಯನ್ನು ಪರೀಕ್ಷಿಸಿಕೊಳ್ಳಬೇಕು. ಚಿತ್ತೆ ಮಳೆಯ ಗುಡುಗು ಸಾಮಾನ್ಯವಾಗಿ ಮಧ್ಯಾಹ್ನದ ನಂತರ ಬರುತ್ತದೆ. ಬಯಲಲ್ಲಿ ಗುಡುಗು ಕೇಳಿಸಿದೊಡನೆ, ಎಷ್ಟೇ ಒಳ್ಳೆಯ ಹಕ್ಕಿ ಎದುರಿಗಿದ್ದರೂ, ಒಂಟಿ ಮರದಡಿ ನಿಲ್ಲದೆ ವಾಹನಕ್ಕೆ ಮರಳಬೇಕು.

ಏರಿಯಿಂದ ಹಿನ್ನೀರಿಗೆ

ನಡಿಗೆಯನ್ನು ಏರಿಯಿಂದ ಆರಂಭಿಸುವುದು ನನಗೆ ಸರಿಯೆನಿಸುತ್ತದೆ. ಎತ್ತರದಿಂದ ಇಡೀ ನೀರು ಕಾಣುತ್ತದೆ, ಹಕ್ಕಿಗಳ ದೊಡ್ಡ ಗುಂಪುಗಳು ಎಲ್ಲಿವೆ ಎಂದು ತಿಳಿಯುತ್ತದೆ. ಆಳದ ನೀರಿನಲ್ಲಿ ನೀರುಕಾಗೆಗಳೂ, ಕತ್ತು ಮಾತ್ರ ಮೇಲೆತ್ತಿ ಈಜುವ ಹಾವಕ್ಕಿಯೂ, ಮುಳುಗಿ ಇನ್ನೆಲ್ಲೋ ಏಳುವ ಗುಳುಮುಳುಕಗಳೂ ಇರುತ್ತವೆ. ಗುಳುಮುಳುಕದ ಹಿಂದೆ ಈಜುವ ಮರಿಗಳ ತಲೆಯ ಮೇಲಿನ ಬಿಳಿ ಪಟ್ಟೆಗಳನ್ನು ನೋಡಿ ಬೇರೆ ಜಾತಿಯೆಂದು ಬರೆದುಕೊಳ್ಳುವವರಿದ್ದಾರೆ, ಎಚ್ಚರವಿರಲಿ. ಜಂಬುಕೋಳಿಯ ಮರಿಯಾದರೂ ಅಷ್ಟೇ: ಹಣೆಯ ಕೆಂಪಿಲ್ಲದೆ, ಮಂಕು ಕಂದು ಮೈಯಿಂದ ಬೇರೆ ಹಕ್ಕಿಯಂತೆಯೇ ಕಾಣುತ್ತದೆ.

ಏರಿಯ ಒಳಮೈಯ ಕಲ್ಲುಗಳನ್ನು ಒಂದೊಂದಾಗಿ ಪರೀಕ್ಷಿಸಿ. ಈ ಕಾಲದ ಮೊದಲ ಅತಿಥಿಗಳಿಬ್ಬರು ಅಲ್ಲಿ ಕಾಣುತ್ತಾರೆ. ಒಬ್ಬ ಬೂದು ಸಿಪಿಲೆ. ಬೆನ್ನು ಬೂದು, ಬಾಲದ ಬುಡ ಹಳದಿ, ಬಾಲ ಮೈಗಿಂತ ಉದ್ದವೆನಿಸುವಷ್ಟು ನೀಳ. ಕುಳಿತಾಗಲೂ ಆ ಬಾಲ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ದಕ್ಷಿಣ ಭಾರತಕ್ಕೆ ಇದು ಬಹಳ ಬೇಗ ಬರುವ ವಲಸಿಗ. ಸೆಪ್ಟೆಂಬರ್ ಮೊದಲ ವಾರಗಳಲ್ಲೇ ಕಾಣಸಿಗುತ್ತದೆ, ಒಂಟಿಯಾಗಿಯೇ ಇರುತ್ತದೆ. ಹಳದಿ ಸಿಪಿಲೆ ಸ್ವಲ್ಪ ತಡವಾಗಿ ಬರುತ್ತದೆ. ಅದರ ಬೆನ್ನಿನಲ್ಲಿ ಪಾಚಿ ಬಣ್ಣದ ಛಾಯೆ ಇರುತ್ತದೆ, ಬಾಲ ಗಿಡ್ಡ, ಮೇಯುವ ದನಗಳ ಕಾಲ ಬಳಿ ಗುಂಪಾಗಿ ಓಡಾಡುವುದು ಅದರ ಸ್ವಭಾವ. ಬಿಳಿ ಹುಬ್ಬಿನ ದೊಡ್ಡ ಸಿಪಿಲೆ ವರ್ಷವಿಡೀ ಇಲ್ಲೇ ಇರುವಂಥದ್ದು, ಅದನ್ನು ವಲಸಿಗರ ಲೆಕ್ಕಕ್ಕೆ ಸೇರಿಸಬಾರದು.

ಎರಡನೆಯ ಅತಿಥಿ ಸಾಮಾನ್ಯ ಗದ್ದೆಗೊರವ. ಕಂದು ಬೆನ್ನು, ಬಿಳಿ ಹೊಟ್ಟೆ. ಎದೆಯ ಕಂದು ಮತ್ತು ರೆಕ್ಕೆಯ ನಡುವೆ ಹೊಟ್ಟೆಯ ಬಿಳಿ ಬಣ್ಣ ಭುಜದ ಕಡೆಗೆ ಬೆಣೆಯಂತೆ ಏರಿರುತ್ತದೆ. ಇಷ್ಟು ಕಂಡರೆ ಬೇರೆ ಗುರುತು ಬೇಕಿಲ್ಲ. ಹಾರುವಾಗ ರೆಕ್ಕೆಗಳನ್ನು ಪೂರ್ತಿ ಎತ್ತದೆ, ಬಿಗಿಯಾಗಿ ನಡುಗಿಸುತ್ತಾ, ನಡುನಡುವೆ ತೇಲುತ್ತಾ ನೀರಿಗೆ ತಾಗುವಷ್ಟು ಕೆಳಗೆ ಸಾಗುತ್ತದೆ. ಹಸಿರು ಗದ್ದೆಗೊರವದ ಬೆನ್ನು ಹೆಚ್ಚು ಗಾಢವಾಗಿದ್ದು, ಮೇಲೆದ್ದಾಗ ಬಾಲದ ಬುಡದ ಬಿಳಿ ಬಣ್ಣ ಥಟ್ಟನೆ ಕಣ್ಣಿಗೆ ಬೀಳುತ್ತದೆ, ರೆಕ್ಕೆಯ ಅಡಿ ಕಪ್ಪಾಗಿ ಕಾಣುತ್ತದೆ. ಅಡವಿ ಗದ್ದೆಗೊರವದ ಬೆನ್ನ ತುಂಬ ಬಿಳಿ ಚುಕ್ಕೆಗಳು, ಕಣ್ಣಿನ ಮೇಲೆ ಉದ್ದನೆಯ ಬಿಳಿ ಹುಬ್ಬು, ಕಾಲು ಹಳದಿ, ರೆಕ್ಕೆಯ ಅಡಿ ತಿಳಿಬಣ್ಣ. ಈ ಮೂರನ್ನು ಬೇರ್ಪಡಿಸಲು ಕಲಿತವರು ನಮ್ಮ ಕೆರೆಗಳ ಗೊರವಗಳ ಪೈಕಿ ಅರ್ಧವನ್ನು ಕಲಿತಂತೆಯೇ ಸರಿ. ಹಕ್ಕಿ ಕುಳಿತಾಗ ಗೊತ್ತಾಗದಿದ್ದರೆ ಅದನ್ನು ಎಬ್ಬಿಸಬಾರದು. ತಾನಾಗಿಯೇ ಹಾರುವವರೆಗೆ ಕಾಯಬೇಕು. ದೂರದಿಂದ ಹಾರಿ ಬಂದ ಹಕ್ಕಿಗೆ ಮೇವು ಮತ್ತು ವಿಶ್ರಾಂತಿ ಎರಡೂ ಅತಿ ಅಗತ್ಯವಿರುವ ದಿನಗಳಿವು.

ಬೆಳಕಿನ ದಿಕ್ಕನ್ನು ಯೋಚಿಸಿ ನಡೆಯಿರಿ. ಬೆಳಿಗ್ಗೆ ನೀರಿನ ಪೂರ್ವದ ಅಂಚಿನಲ್ಲಿ ನಿಂತು ಪಶ್ಚಿಮಕ್ಕೆ ನೋಡಿದರೆ ಸೂರ್ಯ ಬೆನ್ನಿಗಿದ್ದು ಬಣ್ಣಗಳು ಸ್ಪಷ್ಟವಾಗಿ ಕಾಣುತ್ತವೆ. ಎದುರು ಬಿಸಿಲಿಗೆ ನಿಂತರೆ ಎಲ್ಲ ಹಕ್ಕಿಗಳೂ ಕಪ್ಪು ಆಕೃತಿಗಳಾಗುತ್ತವೆ. ನೂರು ಹೆಜ್ಜೆಗೊಮ್ಮೆ ನಿಂತು, ಪೊದೆ ಅಥವಾ ಮರದ ಬೊಡ್ಡೆಗೆ ಒರಗಿ, ಹತ್ತು ನಿಮಿಷ ಅಲುಗಾಡದೆ ಇರುವುದು ಒಳ್ಳೆಯದು. ಜೊಂಡಿನೊಳಗಿನ ಹಕ್ಕಿಗಳು ನಡೆಯುವವರಿಗೆ ಸಿಗುವುದಿಲ್ಲ, ನಿಂತವರಿಗೆ ಸಿಗುತ್ತವೆ. ಅಲ್ಲಿಂದ ಚಕ್ ಚಕ್ ಎಂಬ ಒಣ ಸದ್ದು ಬರುತ್ತಿದ್ದರೆ ಈಗಷ್ಟೇ ಬಂದಿಳಿದ ಉಲಿಯಕ್ಕಿಯೊಂದು ಒಳಗಿದೆ ಎಂದು ತಿಳಿಯಬಹುದು. ತಾವರೆ, ನೈದಿಲೆ ಎಲೆಗಳು ಹರಡಿರುವ ಕಡೆ ದೇವನಕ್ಕಿ ಸಿಗಬಹುದು. ಅದರಲ್ಲಿ ಮೊಟ್ಟೆಗೆ ಕಾವು ಕೊಡುವುದೂ ಮರಿ ಸಾಕುವುದೂ ಗಂಡಿನ ಕೆಲಸ. ಮಳೆಗಾಲದ ನೀಳ ಬಾಲ ಈಗ ಉದುರುತ್ತಿರುವುದರಿಂದ ಪುಸ್ತಕದ ಚಿತ್ರದಂತೆ ಅದು ಕಾಣದಿರಬಹುದು.

ಈ ಕಾಲದ ಬಹುದೊಡ್ಡ ತೊಡಕೇ ಅದು. ಪುಸ್ತಕಗಳಲ್ಲಿ ಸಾಮಾನ್ಯವಾಗಿ ಸಂತಾನಕಾಲದ ಗಂಡನ್ನು ಎದ್ದುಕಾಣುವಂತೆ ಚಿತ್ರಿಸಿರುತ್ತಾರೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಗೀಜಗದ ಗಂಡು ನೆತ್ತಿಯ ಹಳದಿಯನ್ನು ಕಳೆದುಕೊಂಡು ಗುಬ್ಬಚ್ಚಿಯ ಹೆಣ್ಣಿನಂತಾಗುತ್ತದೆ. ಬೆಳ್ಳಕ್ಕಿಯ ಕತ್ತಿನ ಕೇಸರಿ ಗರಿಗಳು ಮಾಯವಾಗುತ್ತವೆ. ಕೊಳದ ಬಕದ ಬೆನ್ನಿನ ಕಡುಗೆಂಪು ಹೋಗಿ ಕಂದು ಗೀರುಗಳು ಬರುತ್ತವೆ. ಬಾತುಗಳ ಪೈಕಿ ಎಲ್ಲಕ್ಕಿಂತ ಮೊದಲು ಬರುವ ಬಿಳಿಹುಬ್ಬಿನ ಬಾತಿನ ಗಂಡಿಗೆ ಆ ಬಿಳಿ ಹುಬ್ಬೇ ಇರುವುದಿಲ್ಲ. ಬಣ್ಣವನ್ನು ನೆಚ್ಚಿಕೊಳ್ಳುವಂತಿಲ್ಲ. ಗಾತ್ರ, ಕೊಕ್ಕಿನ ಆಕಾರ, ಕಾಲಿನ ಉದ್ದ, ನಡೆಯುವ ಮತ್ತು ಹಾರುವ ರೀತಿ, ಕೂಗು ಇವುಗಳನ್ನು ಬರೆದುಕೊಂಡರೆ ಮನೆಯಲ್ಲಿ ಕುಳಿತು ಗುರುತಿಸಬಹುದು. ಫೋನಿನ ಮರ್ಲಿನ್ ಆ್ಯಪ್ ಕೂಗು ಕೇಳಿ ಹೆಸರು ಸೂಚಿಸುತ್ತದೆ. ಅದನ್ನು ಸುಳಿವೆಂದು ತೆಗೆದುಕೊಂಡು ಹಕ್ಕಿಯನ್ನು ಕಣ್ಣಾರೆ ಹುಡುಕಬೇಕೇ ವಿನಾ ಅದು ತೋರಿಸಿದ ಹೆಸರನ್ನು ಹಾಗೆಯೇ ಪಟ್ಟಿಗೆ ಸೇರಿಸಬಾರದು. ಕಾಜಾಣದಂಥ ಅನುಕರಣೆಯ ಹಕ್ಕಿಗಳು ಆ್ಯಪನ್ನೂ ದಾರಿ ತಪ್ಪಿಸುತ್ತವೆ.

ಹಿನ್ನೀರಿನ ಪಕ್ಕದ ರಾಗಿ ಹೊಲಗಳು ಆಗ ತೆನೆ ಕಟ್ಟುತ್ತಿರುತ್ತವೆ. ಬದುವಿನ ಮುಳ್ಳುಗಿಡದ ತುದಿಯಲ್ಲಿ ನೆಟ್ಟಗೆ ಕುಳಿತು ನೆಲವನ್ನು ದಿಟ್ಟಿಸುವ ಹಕ್ಕಿ ಕಳಿಂಗ. ಕಂದು ಕಳಿಂಗ ಹೊರಗಿನಿಂದ ಬರುವಂಥದ್ದು. ಬಂದ ಹೊಸದರಲ್ಲಿ ತನ್ನ ಮೇವಿನ ಎಲ್ಲೆಯನ್ನು ಸಾರಲು ಕರ್ಕಶವಾಗಿ ಕೂಗುತ್ತಿರುವುದರಿಂದ ಕಿವಿಗೇ ಮೊದಲು ಸಿಗುತ್ತದೆ. ಪೊದೆಗಳಲ್ಲಿ ಹರಟೆಮಲ್ಲಗಳ ಗುಂಪು ಕಂಡರೆ ಅದರ ಜೊತೆಗಿರುವ ಮರಿಗಳನ್ನು ಸರಿಯಾಗಿ ನೋಡಿ. ಚಾತಕವು ಹರಟೆಮಲ್ಲನ ಗೂಡಿನಲ್ಲಿ ಮೊಟ್ಟೆಯಿಡುವ ಹಕ್ಕಿ. ತನಗಿಂತ ಬೇರೆ ರೂಪದ, ಉದ್ದ ಬಾಲದ ಮರಿಗೆ ಹರಟೆಮಲ್ಲ ಹುಳು ತಿನ್ನಿಸುವ ದೃಶ್ಯ ಕಾಣಲು ಈ ವಾರಗಳು ಅನುಕೂಲ. ತಂತಿಗಳ ಮೇಲೆ ಸಾಲಾಗಿ ಕುಳಿತ ಅಂಬರಗುಬ್ಬಿಗಳನ್ನೂ, ಆಲದ ಹಣ್ಣು ಇರುವ ಕಡೆ ಗುಂಪಾಗಿ ಇಳಿಯುವ ಗುಲಾಬಿ ಕಬ್ಬಕ್ಕಿಗಳನ್ನೂ ಎಣಿಸಿ ಬರೆದುಕೊಳ್ಳಬೇಕು. ದೊಡ್ಡ ಗುಂಪನ್ನು ಒಂದೊಂದಾಗಿ ಎಣಿಸಲಾಗದಿದ್ದರೆ, ಮೊದಲು ಹತ್ತು ಹಕ್ಕಿಗಳನ್ನು ಎಣಿಸಿ, ಅವು ಎಷ್ಟು ಜಾಗ ಹಿಡಿದಿವೆ ಎಂದು ಕಣ್ಣಳತೆ ಮಾಡಿಕೊಂಡು, ಅಂಥ ಎಷ್ಟು ಭಾಗಗಳಿವೆ ಎಂದು ಲೆಕ್ಕ ಹಾಕಿದರೆ ಅಂದಾಜು ಸಾಕಷ್ಟು ಸರಿಯಾಗಿರುತ್ತದೆ.

ಹುಲ್ಲುಗಾವಲಿನಲ್ಲಿ

ಎಂಟೂವರೆ ಒಂಬತ್ತರ ಹೊತ್ತಿಗೆ ನೆಲ ಕಾಯತೊಡಗುತ್ತದೆ. ಬಿಸಿಗಾಳಿ ಮೇಲೇಳುವುದನ್ನು ಬಳಸಿಕೊಂಡು ಬೇಟೆಹಕ್ಕಿಗಳು ಆಕಾಶಕ್ಕೇರುವ ಸಮಯವದು, ಆದ್ದರಿಂದ ಹುಲ್ಲುಗಾವಲನ್ನು ನಡಿಗೆಯ ಕೊನೆಗೆ ಇಟ್ಟುಕೊಳ್ಳಬೇಕು. ಮಳೆಗಾಲದ ಹುಲ್ಲು ಆಗ ತೆನೆ ಬಿಟ್ಟಿರುತ್ತದೆ. ಬೀಜಕ್ಕಾಗಿ ರಾಟವಾಳಗಳ ಗುಂಪುಗಳು ಬಂದಿರುತ್ತವೆ. ಕೆಂಪು ರಾಟವಾಳದ ಗಂಡು ಬಿಳಿ ಚುಕ್ಕೆಗಳ ಕಡುಗೆಂಪು ಉಡುಗೆಯಲ್ಲಿ ಕಾಣುವುದು ಈ ಕಾಲದಲ್ಲೇ. ನೆಲಗುಬ್ಬಿಗಳು ಕಲ್ಲಿನ ಮೇಲೆ, ಬೇಲಿಗೂಟದ ಮೇಲೆ ಕುಳಿತು ಹಾಡಿ, ಗಾಳಿಯಲ್ಲಿ ಮೇಲೆದ್ದು ರೆಕ್ಕೆ ಹರಡಿ ಹಾಡುತ್ತಲೇ ಇಳಿಯುತ್ತವೆ. ರಾಮದಾಸ ಹದ್ದು ಒಂದೇ ಕಡೆ ಗಾಳಿಯಲ್ಲಿ ರೆಕ್ಕೆ ಬಡಿಯುತ್ತಾ ನಿಂತು ಇಲಿಗಾಗಿ ನೆಲ ನೋಡುತ್ತದೆ. ಅದು ಇಲ್ಲಿಯದೇ ಹಕ್ಕಿ. ಹಾಗೆಯೇ ನಿಲ್ಲುವ, ಆದರೆ ಕೆಂಗಂದು ಬೆನ್ನಿನ ಹಕ್ಕಿ ಕಂಡರೆ ಅದು ಚಾಣ, ಹೊಸದಾಗಿ ಬಂದ ವಲಸಿಗ.

ಹೆಸರಘಟ್ಟಕ್ಕೆ ಹೆಸರು ತಂದವು ಸೆಳೆವಗಳು, ಅಂದರೆ ಹ್ಯಾರಿಯರ್ ಎಂಬ ಬೇಟೆಹಕ್ಕಿಗಳು. ಹುಲ್ಲಿನ ಮೇಲೆ ಒಂದೆರಡು ಆಳು ಎತ್ತರದಲ್ಲಿ, ರೆಕ್ಕೆಗಳನ್ನು ಸ್ವಲ್ಪ ಮೇಲಕ್ಕೆತ್ತಿ, ಅತ್ತಿತ್ತ ವಾಲುತ್ತಾ ನಿಧಾನವಾಗಿ ತೇಲುವುದು ಅವುಗಳ ಬೇಟೆಯ ಕ್ರಮ. ಜೌಗು ಸೆಳೆವ ಗಾಢ ಕಂದು, ಹೆಣ್ಣಿನ ತಲೆ ಕೆನೆಬಣ್ಣ, ನೀರಿನ ಬಳಿಯ ಜೊಂಡಿನ ಮೇಲೆ ಹೆಚ್ಚು. ಬಿಳಿ ಸೆಳೆವ ಮತ್ತು ಮಾಂಟೆಗು ಸೆಳೆವಗಳ ಗಂಡುಗಳನ್ನು ಗುರುತಿಸುವುದು ಕಷ್ಟವಲ್ಲ: ಬಿಳಿ ಸೆಳೆವದ ರೆಕ್ಕೆಯ ತುದಿಯಲ್ಲಿ ಕಿರಿದಾದ ಕಪ್ಪು ಬೆಣೆ ಮಾತ್ರ ಇರುತ್ತದೆ, ಮಾಂಟೆಗು ಸೆಳೆವದ ರೆಕ್ಕೆಯ ಮೇಲೆ ಅಡ್ಡಲಾಗಿ ಕಪ್ಪು ಗೀರೊಂದು ಹೆಚ್ಚುವರಿಯಾಗಿ ಇರುತ್ತದೆ. ಹೆಣ್ಣುಗಳೂ ಮರಿಗಳೂ ಕಂದು ಬಣ್ಣದವಾದ್ದರಿಂದ ಅನುಭವಿಗಳಿಗೂ ತಲೆನೋವು. ಮರಿಯಲ್ಲಿ ಕೆನ್ನೆಯ ಕಪ್ಪಿನ ಹಿಂದೆ ಸ್ಪಷ್ಟವಾದ ಬಿಳಿಯ ಕೊರಳಪಟ್ಟಿ ಕಂಡರೆ ಬಿಳಿ ಸೆಳೆವದ ಕಡೆಗೆ ವಾಲಬಹುದು. ಅಷ್ಟು ಕಾಣದಿದ್ದರೆ "ಸೆಳೆವ, ಜಾತಿ ತಿಳಿಯಲಿಲ್ಲ" ಎಂದು ಬರೆಯುವುದೇ ಪ್ರಾಮಾಣಿಕ ದಾಖಲೆ. ಸೆಪ್ಟೆಂಬರಿನಲ್ಲಿ ಇವು ಸಿಗದಿದ್ದರೆ ಬೇಸರ ಬೇಡ. ಅಕ್ಟೋಬರ್ ಮುಂದುವರಿದಂತೆ ಹೆಚ್ಚುತ್ತವೆ.

ಹುಲ್ಲುಗಾವಲಿನ ವಿಷಯದಲ್ಲಿ ನಾನು ಕಟ್ಟುನಿಟ್ಟು. ವಾಹನವನ್ನು ರಸ್ತೆಯಿಂದ ಕೆಳಗಿಳಿಸಲೇಬಾರದು. ನೆಲಗುಬ್ಬಿ, ಟಿಟ್ಟಿಭ, ಲಾವಕ್ಕಿಗಳು ನೆಲದ ಮೇಲೆಯೇ ಮೊಟ್ಟೆಯಿಡುವುದರಿಂದ ಫೋಟೊಗಾಗಿ ಜೀಪು ಓಡಿಸಿದವನಿಗೆ ತಾನು ತುಳಿದದ್ದೇನು ಎಂದು ತಿಳಿಯುವುದೂ ಇಲ್ಲ. ಮಳೆಗೆ ಮೆತ್ತಗಾದ ನೆಲದ ಮೇಲೆ ಬಿದ್ದ ಚಕ್ರದ ಜಾಡು ಬೇಸಿಗೆಯವರೆಗೂ ಉಳಿದು, ಮುಂದಿನ ವಾಹನಕ್ಕೆ ದಾರಿಯಾಗುತ್ತದೆ. ಟಿಟ್ಟಿಭವೊಂದು ತಲೆಯ ಮೇಲೆ ಸುತ್ತುತ್ತಾ ಬಿಡದೆ ಅರಚುತ್ತಿದ್ದರೆ ಸಮೀಪದಲ್ಲೇ ಮರಿ ಅಥವಾ ಮೊಟ್ಟೆ ಇದೆ. ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕು. ಧ್ವನಿಮುದ್ರಿಕೆ ಹಾಕಿ ಹಕ್ಕಿ ಕರೆಯುವುದು ಬೇಡ. ನಾಯಿಯನ್ನು ಜೊತೆಗೆ ತರುವುದೂ ಬೇಡ. ದನ ಕಾಯುವವರನ್ನು ಕಂಡರೆ ಮಾತನಾಡಿಸಿ: "ಅಣ್ಣಾ, ಈ ಕಡೆ ಲಾವಕ್ಕಿ ಎದ್ದಿತೇ?" ಎಂದು ಕೇಳಿದರೆ ಯಾವ ಹೊಂಡದಲ್ಲಿ ನೀರು ನಿಂತಿದೆ, ಯಾವ ಮರದಲ್ಲಿ ಗೂಬೆ ಇದೆ ಎಂಬುದನ್ನೆಲ್ಲ ಹೇಳುತ್ತಾರೆ. ದಿನವೂ ಆ ನೆಲದ ಮೇಲೆ ನಡೆಯುವವರ ಕಣ್ಣಿಗೆ ಬಿದ್ದಷ್ಟು ವಾರಕ್ಕೊಮ್ಮೆ ಬರುವವರ ಕಣ್ಣಿಗೆ ಬೀಳುವುದಿಲ್ಲ.

ದಾಖಲಿಸುವುದು

ಪಟ್ಟಿಯನ್ನು ಸ್ಥಳದಲ್ಲೇ ಬರೆಯಬೇಕು. ದಿನಾಂಕ, ಆರಂಭದ ಮತ್ತು ಮುಗಿದ ಸಮಯ, ನಡೆದ ದೂರ, ಮೋಡ ಬಿಸಿಲುಗಳ ಸ್ಥಿತಿ, ಕಂಡ ಪ್ರತಿಯೊಂದು ಜಾತಿ ಮತ್ತು ಅದರ ಸಂಖ್ಯೆ ಇಷ್ಟು ಇರಲೇಬೇಕು. ಕಾಗೆ, ಮೈನಾ, ಪಾರಿವಾಳಗಳನ್ನು ಬಿಡಬಾರದು. ಎಲ್ಲವನ್ನೂ ಸೇರಿಸಿದ ಪಟ್ಟಿಗೆ ಮಾತ್ರ ಇಲ್ಲದ ಹಕ್ಕಿಯ ಬಗ್ಗೆಯೂ ಏನನ್ನಾದರೂ ಹೇಳುವ ಶಕ್ತಿ ಇರುತ್ತದೆ. ಸೆಪ್ಟೆಂಬರ್ ಮೂರನೆಯ ವಾರದ ನಡಿಗೆಯಲ್ಲಿ ಹಳದಿ ಸಿಪಿಲೆ ಇರಲಿಲ್ಲ, ನಾಲ್ಕನೆಯ ವಾರ ಇತ್ತು ಎಂದು ಗೊತ್ತಾಗುವುದು ಮೂರನೆಯ ವಾರದ ಪಟ್ಟಿ ಪೂರ್ಣವಾಗಿದ್ದಾಗಲೇ. 2007ರಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಿಂದ ಆರಂಭವಾದ ಮೈಗ್ರೆಂಟ್‌ವಾಚ್ ಯೋಜನೆ ವಲಸೆ ಹಕ್ಕಿಗಳು ಬಂದ ದಿನ, ಹೊರಟ ದಿನಗಳನ್ನು ಸಾಮಾನ್ಯ ಜನರಿಂದಲೇ ಸಂಗ್ರಹಿಸಿತು. ಈಗ ಅದೇ ಕೆಲಸಕ್ಕೆ ಹಕ್ಕಿಗಳ ಪಟ್ಟಿ ದಾಖಲಿಸುವ ಇ-ಬರ್ಡ್ ಜಾಲತಾಣ ಬಳಕೆಯಲ್ಲಿದೆ. ಅದರಲ್ಲಿ ಒಂದು ನಡಿಗೆಗೆ ಒಂದೇ ಪಟ್ಟಿ ಮಾಡುವ ಬದಲು ಏರಿಗೆ ಒಂದು, ಹಿನ್ನೀರಿಗೆ ಒಂದು, ಹುಲ್ಲುಗಾವಲಿಗೆ ಒಂದು ಎಂದು ಬೇರೆ ಬೇರೆ ಮಾಡಿದರೆ ಯಾವ ಹಕ್ಕಿ ಯಾವ ನೆಲೆಯಲ್ಲಿತ್ತು ಎಂಬುದು ಕಳೆದುಹೋಗುವುದಿಲ್ಲ. ಪ್ರತಿ ಪಟ್ಟಿಗೂ ಕನಿಷ್ಠ 15 ನಿಮಿಷ ಕೊಡಿ. ಗೂಡಿನ ನಿಖರ ಜಾಗವನ್ನು ಮಾತ್ರ ಎಲ್ಲೂ ಹಂಚಿಕೊಳ್ಳಬೇಡಿ.

ಟಿಪ್ಪಣಿಯಲ್ಲಿ ನೀರಿನ ಮಟ್ಟಕ್ಕೂ ಒಂದು ಸಾಲು ಮೀಸಲಿಡಿ. ಏರಿಯ ಮೆಟ್ಟಿಲು, ತೂಬಿನ ಕಂಬ, ಮುಳುಗಿದ ಜಾಲಿಮರ, ಹೀಗೆ ಬದಲಾಗದ ಗುರುತೊಂದನ್ನು ಆರಿಸಿಕೊಂಡು ಪ್ರತಿ ಸಲವೂ ಅದೇ ಜಾಗದಿಂದ ಒಂದು ಫೋಟೊ ತೆಗೆದಿಡುವುದು ಸುಲಭದ ದಾರಿ. ಎರಡು ವಾರ ಬಿಟ್ಟು ಮತ್ತೊಮ್ಮೆ ಹೋದಾಗ ಆ ಫೋಟೊವನ್ನು ಮುಂದಿಟ್ಟುಕೊಂಡು ನೋಡಿ. ನೀರು ಇಳಿದಿದ್ದರೆ ಮೊದಲು ಕೆಸರಿನ ಪಟ್ಟಿಗೆ ನಡೆದು ಗೊರವಗಳನ್ನು ಎಣಿಸಿ. ಏರಿದ್ದರೆ ನೇರವಾಗಿ ಹಿನ್ನೀರಿನ ತುದಿಗೂ ಹೊಲದ ಹೊಂಡಗಳಿಗೂ ಹೋಗಿ. ಚುಕ್ಕೆ ಕೊಕ್ಕಿನ ಬಾತುಗಳ ಗುಂಪಿನ ಅಂಚಿನಲ್ಲಿ ಅವಕ್ಕಿಂತ ತುಂಬ ಚಿಕ್ಕದಾದ, ಕಣ್ಣಿನ ಮೇಲೆಯೂ ಕೆಳಗೂ ತಿಳಿ ಗೀರಿರುವ ಕಂದು ಬಾತು ಕಂಡರೆ ಅದನ್ನು ಬಿಳಿಹುಬ್ಬಿನ ಬಾತಿನೊಂದಿಗೆ ಹೋಲಿಸಿ ನೋಡಿ, ಖಚಿತವಾದರೆ ದಿನಾಂಕದೊಂದಿಗೆ ಬರೆದುಕೊಳ್ಳಿ. ಆ ವರ್ಷದ ವಲಸೆ ಬಾತುಗಳ ಲೆಕ್ಕ ಬಹುತೇಕ ಅದರಿಂದಲೇ ಆರಂಭವಾಗುತ್ತದೆ.